ಮಡಿಲಕ್ಕಿಯ ಫೋಟೊ

ಸಂತೆಬಾಚಹಳ್ಳಿ
10-5-1999

ಚಿ. ಸಂಘಮಿತ್ರಳಿಗೆ ಸೋದರಮಾವ ಧರ್ಮೇಂದ್ರನ ಆಶೀರ್ವಾದ.

ಹಿಂದುಗಡೆ ನನ್ನ ಹೆಸರು ನೋಡಿ ಲಕೋಟೆ ಒಡೆಯದೆ ಎತ್ತಿಟ್ಟುಬಿಡಬೇಡ. ಇದು ಮದುವೆ ಮಾತಿನ ಕಾಗದವಲ್ಲ, ಕೆಲಸದ ಕಾಗದ. ಮೂರು ವರ್ಷದ ಹಿಂದೆ ಯುಗಾದಿ ಮಾರನೆಯ ದಿನ ಹಿರಿಯರೆಲ್ಲ ಕೂತು ನಿನ್ನನ್ನು ನನಗೆ ಕೊಡುವುದೆಂದು ಎಲೆಅಡಿಕೆ ಮುಟ್ಟಿದಾಗ ನೀನು ಎದ್ದು ನಿಂತು ಆಗುವುದಿಲ್ಲ ಎಂದೆ. ಆ ಮಾತು ಅವತ್ತೇ ಮುಗಿಯಿತು. ನಾನು ಅದನ್ನು ಎತ್ತುವುದಿಲ್ಲ.

ನಿನ್ನ ತಂಗಿ ಮೇಘನಳ ಮದುವೆ ಈ ತಿಂಗಳ ಎರಡನೇ ತಾರೀಕು ಆಯಿತು. ಹುಡುಗ ಬಿಂಡಿಗನವಿಲೆಯವನು, ಶಂಕರ್ ಅಂತ. ಕುರಿ, ಹೊಲ ಎರಡೂ ಇವೆ. ಮಾತು ಕಡಿಮೆ, ಊಟ ಜಾಸ್ತಿ. ಒಳ್ಳೆಯವನು. ನಿನಗೆ ಹೇಳಿ ಕಳಿಸಬಾರದೆಂದು ನಿಮ್ಮವ್ವನ ಕಟ್ಟಪ್ಪಣೆಯಾಗಿತ್ತು. "ನನ್ನ ತಮ್ಮನ ಮಾನ ಕಳೆದವಳು ಹೊಸಿಲು ತುಳಿಯಬಾರದು" ಅಂತ ಅವತ್ತು ಅಕ್ಕ ಹೇಳಿದ್ದು ಇವತ್ತಿಗೂ ಹಾಗೇ ಇದೆ.

ಈಗ ಕೆಲಸದ ವಿಷಯ. ಮದುವೆಯ ಫೋಟೊಗ್ರಾಫರು ನಾನೇ, ಸೋದರಮಾವನೂ ನಾನೇ. ಹೆಣ್ಣು ಕಳಿಸುವ ಹೊತ್ತಿಗೆ ಅಕ್ಕ ನಡುಮನೆಯ ಬಾಗಿಲಲ್ಲಿ ಕೂತು ಮೇಘನಳಿಗೆ ಮಡಿಲು ತುಂಬುತ್ತಿದ್ದಳು. ನಾನು ಒಳಗಿನಿಂದ ತೆಗೆಯಬೇಕು. ಒಳಗೆ ಕತ್ತಲೆ, ಹೊರಗೆ ಮೇ ತಿಂಗಳ ಬಿಸಿಲು. ಅಷ್ಟರಲ್ಲಿ ಫ್ಲಾಶು ಸತ್ತುಹೋಯಿತು. ಬ್ಯಾಟರಿ ತರಲು ಕೃಷ್ಣರಾಜಪೇಟೆಗೇ ಹೋಗಬೇಕು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಎರಡು ಸಲ ತೆಗೆದೆ. ಒಂದು ಹೊರಗಿನ ಬೆಳಕಿನ ಹದಕ್ಕೆ, ಒಂದು ಒಳಗಿನ ಕತ್ತಲೆಯ ಹದಕ್ಕೆ. ಮೊದಲನೆಯದರಲ್ಲಿ ಚಪ್ಪರ, ರಸ್ತೆ, ಜನ ಎಲ್ಲ ಚೆನ್ನಾಗಿದ್ದಾರೆ, ಒಳಗಿದ್ದವರು ಇದ್ದಿಲು. ಎರಡನೆಯದರಲ್ಲಿ ಒಳಗೆಲ್ಲ ಚೆನ್ನ, ಬಾಗಿಲಾಚೆ ಸುಣ್ಣ ಬಳಿದ ಗೋಡೆಯ ಹಾಗೆ ಬರೀ ಬಿಳಿ.

ಕಂಪ್ಯೂಟರಿನಲ್ಲಿ ಎರಡನ್ನೂ ಒಂದರ ಮೇಲೊಂದು ಇಟ್ಟು ಬೇಕಾದ್ದನ್ನು ಉಳಿಸಿ ಬೇಡದ್ದನ್ನು ಅಳಿಸಬಹುದು ಅಂತ ಮೈಸೂರಿನ ಲ್ಯಾಬಿನಲ್ಲಿ ಕೇಳಿದೆ. ನೀನು ಶ್ರೀರಂಗಪಟ್ಟಣದಲ್ಲಿ ಅಲ್ಮಾಸ್ ಗ್ರಾಫಿಕ್ಸ್‌ನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೀಯೆಂದು ನನಗೆ ಗೊತ್ತು. ಹೋದ ವರ್ಷ ಬಸ್ಸಿನ ಕಿಟಕಿಯಿಂದ ನೋಡಿದ್ದೆ. ಇಳಿಯಲಿಲ್ಲ.

ಮಡಿಲಕ್ಕಿಯ ಫೋಟೊ ಎಲ್ಲಿ ಎಂದು ಅಕ್ಕ ದಿನಾ ಕೇಳುತ್ತಾಳೆ. ನನ್ನ ಕೈಲಿ ಕೂತಲ್ಲಿ ಕೂರಲಾಗುತ್ತಿಲ್ಲ. ಊರವರ ಮದುವೆಯನ್ನೆಲ್ಲ ತೆಗೆದು ಸ್ವಂತ ಮನೆಯದನ್ನೇ ಕೆಡಿಸಿದವನು ಅನ್ನಿಸಿಕೊಂಡೆ. ಎರಡೂ ಪ್ರಿಂಟು ಕಳಿಸಿದ್ದೇನೆ. ಆಷಾಢಕ್ಕೆ ಮೇಘನ ತವರಿಗೆ ಬರುತ್ತಾಳೆ, ಅಷ್ಟರೊಳಗೆ ಆಲ್ಬಮ್ಮಿಗೆ ಅಂಟಿಸಬೇಕು.

ಮಾಡುತ್ತೀಯೋ ಇಲ್ಲವೋ, ಒಂದು ಸಾಲು ಬರೆ.

ಇಂತಿ,
ಧರ್ಮೇಂದ್ರ


ಶ್ರೀರಂಗಪಟ್ಟಣ
17-5-1999

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಮತ್ತು ಎರಡು ಪ್ರಿಂಟುಗಳು ತಲುಪಿವೆ. ಕೆಲಸ ಮಾಡಿಕೊಡುತ್ತೇನೆ. ಮಾಡುವ ಮೊದಲು ಕೆಲವು ತೊಂದರೆಗಳನ್ನು ತಿಳಿಸಬೇಕಾಗಿದೆ.

ಮೊದಲನೆಯದು. ನೀವು ಎರಡು ಹದದಲ್ಲಿ ತೆಗೆದರೂ ಲ್ಯಾಬಿನವರು ಪ್ರಿಂಟು ಹಾಕುವಾಗ ಎರಡನ್ನೂ ತಮ್ಮ ಕಣ್ಣಿಗೆ ಸರಿ ಕಂಡ ಒಂದೇ ಹದಕ್ಕೆ ತಿದ್ದಿದ್ದಾರೆ. ನಿಮ್ಮ ಕಣ್ಣಿಗೆ ಚೆನ್ನಾಗಿ ಕಂಡರೂ ಕಂಪ್ಯೂಟರಿನಲ್ಲಿ ಹೊರಗಿನದು ಮಂಕು, ಒಳಗಿನದೂ ಮಂಕು. ನೆಗೆಟಿವ್ ಕೊಟ್ಟು, ಏನೂ ತಿದ್ದದೆ ಇದ್ದದ್ದು ಇದ್ದ ಹಾಗೆ ಹಾಕಿಕೊಡಿ ಎಂದು ಒತ್ತಿ ಹೇಳಿ.

ಎರಡನೆಯದು. ಇದೇ ಪ್ರಿಂಟುಗಳನ್ನು ಸ್ಕ್ಯಾನ್ ಮಾಡಿ ಒಂದರ ಮೇಲೊಂದು ಇಟ್ಟು ನೋಡಿದೆ. ಬಾಗಿಲಿನ ಚೌಕಟ್ಟು ಎರಡೆರಡು ಕಾಣಿಸುತ್ತದೆ. ನಾನೇ ಸ್ಕ್ಯಾನರಿನ ಮೇಲೆ ಸೊಟ್ಟಗೆ ಇಟ್ಟೆನೆಂದುಕೊಂಡು ಮತ್ತೆ ಮಾಡಿದೆ. ಆಗಲೂ ಹಾಗೇ. ಎರಡು ಫೋಟೊಗಳ ನಡುವೆ ಕ್ಯಾಮೆರಾ ಕದಲಿದೆ. ಸ್ಟ್ಯಾಂಡನ್ನು ಯಾರಾದರೂ ಮುಟ್ಟಿದರೇ? ಎಷ್ಟು ಕದಲಿತು, ಯಾವ ಕಡೆಗೆ ಎಂದು ಗೊತ್ತಾದರೆ ನನಗೆ ಸುಲಭ.

ನಾನು ಗಂಜಾಂನಲ್ಲಿ ಜಯಲಕ್ಷ್ಮಮ್ಮ ಎಂಬುವರ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಆದರೂ ಕಾಗದಗಳನ್ನು ಅಂಗಡಿಯ ವಿಳಾಸಕ್ಕೇ ಬರೆಯಿರಿ.

ಮೇಘನಳಿಗೆ ನಾನು ಕೇಳಿದೆನೆಂದು ಹೇಳಿ. ಹೇಳಬಹುದಾದರೆ.

ಇಂತಿ ನಮಸ್ಕಾರಗಳು,
ಸಂಘಮಿತ್ರಾ


ಸಂತೆಬಾಚಹಳ್ಳಿ
24-5-1999

ಚಿ. ಸಂಘಮಿತ್ರಾ,

ಯಾವಾಗಿನಿಂದ ನಾನು 'ನೀವು' ಆದೆ ಮಾರಾಯ್ತಿ? ನಿನ್ನ ಕಾಗದ ಓದುವಾಗ ಯಾರೋ ತಹಸೀಲ್ದಾರರ ಹಿಂದೆ ನಿಂತಿರಬೇಕೆಂದು ತಿರುಗಿ ನೋಡಿದೆ.

ಸ್ಟ್ಯಾಂಡಿನ ವಿಚಾರಣೆ ನಡೆಸಿದೆ. ಮೊದಲನೇ ಫೋಟೊ ತೆಗೆದ ಕೂಡಲೇ ಅಕ್ಕ "ಬಾರ್ಲಾ ಧರ್ಮ, ಕೊಬ್ರಿ ಬಟ್ಲು ಮಡಗು" ಅಂತ ಕೂಗಿದಳು. ನಮ್ಮ ಮನೆಯಲ್ಲಿ ಮಡಿಲಕ್ಕಿಯ ಮೇಲೆ ಮೊದಲ ಕೊಬ್ಬರಿ ಬಟ್ಟಲು ಇಡಬೇಕಾದವನು ಸೋದರಮಾವ. ಕ್ಯಾಮೆರಾ ಬಿಟ್ಟು ಓಡಿದೆ. ಕೊಬ್ಬರಿ ಇಟ್ಟೆ, ಮೇಘನ ಅತ್ತಳು, ನಾನೂ ಅತ್ತೆ, ಮೂಗು ಒರೆಸಿಕೊಂಡು ವಾಪಸು ಬಂದು ಎರಡನೆಯದು ತೆಗೆದೆ. ಆ ನಡುವೆ ಯಾರು ಬಂದರು? ಮನೆಯವರನ್ನೆಲ್ಲ ಕೇಳಿದೆ. ಯಾರೂ ಇಲ್ಲ. ಕಡೆಗೆ ದೊಡ್ಡಮ್ಮ ಬೈರಮ್ಮನನ್ನು ಕೇಳಿದೆ.

"ಆ ಮೂರು ಕಾಲಿನ್ದಾ? ದಾರೀಗೆ ಅಡ್ಡ ನಿಂತಿತ್ತಪ್ಪ. ಅನ್ನದ ಕುಕ್ಕೆ ಇಡ್ಕಂಡು ಎಂಗ್ಲಾ ದಾಟೋದು? ವಸಿ ಅತ್ಲಾಗೆ ಎತ್ತಿ ಮಡಗ್ದೆ."

"ಅಯ್ಯೋ ದೊಡ್ಡವ್ವ!"

"ಏನ್ ಅಯ್ಯೋ? ಮತ್ತೆ ಅಲ್ಲೇ ತಂದು ಮಡಗ್ಲಿಲ್ವಾ? ಕಾಲಿನ ಗುರ್ತು ನೋಡ್ಕಂಡೇ ಮಡಗಿವ್ನಿ. ನಿಂಗಿಂತ ಚೆನ್ನಾಗಿ ಮಡಗಿವ್ನಿ ಕಣ್ಲಾ."

ಎರಡು ಕಾಲನ್ನು ಗುರುತಿಗೆ ಸರಿಯಾಗಿ ಇಟ್ಟಿದ್ದಾಳೆ, ಮೂರನೆಯದು ಚಾಪೆಯ ಅಂಚಿನ ಮೇಲೆ ಹತ್ತಿದೆ. ಚಾಪೆ ಹಾಸಿ ನೋಡಿದೆ. ಕ್ಯಾಮೆರಾ ಎಡಕ್ಕೆ ಚೂರು ವಾಲಿರಬೇಕು.

ಲ್ಯಾಬಿನವನ ಎದುರು ನಿಂತು, ತಿದ್ದಬೇಡಪ್ಪ ಎಂದು ಹೇಳಿ ಹಾಕಿಸಿದ್ದೇನೆ. ಅವನು "ಇದು ಕೆಟ್ಟೋಗಿದೆ ಸಾರ್" ಅಂದ. ಕೆಟ್ಟದ್ದೇ ಬೇಕು ಅಂದೆ. ಪಾಂಡವಪುರದ ಮೇಲೆ ಬರುವ ಬಸ್ಸಿನ ಕಂಡಕ್ಟರ್ ನಂಜಪ್ಪನ ಕೈಯಲ್ಲಿ ಕೊಟ್ಟು ಕಳಿಸಿದ್ದೇನೆ. ಅಂಗಡಿಗೇ ತಂದುಕೊಡುತ್ತಾನೆ.

ಮೇಘನಳಿಗೆ ಹೇಳಿದೆ. ಏನು ಅಂದಳು ಎಂದು ಬರೆಯುವುದಿಲ್ಲ. ಅವಳೇ ಬರೆಯಲಿ.

ಯಾರು ಮಾಡುತ್ತಿದ್ದಾರೆ ಎಂದು ಅಕ್ಕ ಕೇಳಿದಳು. ಪಟ್ಟಣದಲ್ಲಿ ಒಬ್ಬರು ಕಂಪ್ಯೂಟರಿನವರು ಅಂದೆ. ಸುಳ್ಳಲ್ಲವಲ್ಲ.

ಇಂತಿ,
ನಿನ್ನ ಮಾವ


ಶ್ರೀರಂಗಪಟ್ಟಣ
5-6-1999

ಮಾವನಿಗೆ,

ತಡವಾಯಿತು. ವಾರವೆಲ್ಲ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಕಂಪ್ಯೂಟರು ಅರ್ಧ ಕೆಲಸದಲ್ಲಿ ನಿಂತುಹೋಗುತ್ತದೆ, ಮೌಸು ಅಲುಗುವುದಿಲ್ಲ, ಎಲ್ಲ ಮೊದಲಿನಿಂದ. ನಮ್ಮ ಓನರ್ ಮುಸವ್ವಿರ್ ಸಾಹೇಬರು ಪಕ್ಕದಲ್ಲಿ ನಿಂತು ಒಂದೇ ಸಮ ಚಡಪಡಿಸುತ್ತಾರೆ.

"ಅರೆ ಬೇಟಿ, ಎಷ್ಟ್ ಸಲ ಈ ಬಾಗ್ಲು ತೆಗೆದು ಹಾಕ್ತೀಯಾ? ಮಶೀನ್ ಕಾವ್ಲಿ ತರ ಕಾದೋಗಿದೆ. ಶಾದಿ ಕಾರ್ಡ್‌ನವರು ಬಂದು ಕೂತವ್ರೆ."

"ಇನ್ನೊಂದು ಹತ್ತು ನಿಮಿಷ ಸಾರ್."

"ನಿನ್ ಹತ್ ನಿಮಿಷದಲ್ಲಿ ನಮ್ಮ ಅಲ್ಮಾಸ್ ಎಸ್ಸೆಸ್ಸೆಲ್ಸಿ ಮುಗಿಸ್ತಾಳೆ." ಅಲ್ಮಾಸ್ ಅವರ ಮಗಳು, ಈಗ ಎರಡನೇ ಕ್ಲಾಸು.

ಹೊಸ ಪ್ರಿಂಟುಗಳು ಸರಿಯಾಗಿವೆ. ಬೈರಜ್ಜಿಯ ಚಾಪೆಯಿಂದ ನನಗೆ ಉಪಕಾರವಾಯಿತು. ಎಡಕ್ಕೆ ವಾಲಿದ್ದನ್ನು ಬಲಕ್ಕೆ ತಿರುಗಿಸಿ ಇಟ್ಟೆ, ಚೌಕಟ್ಟು ಒಂದಾಯಿತು. ಕತ್ತಲೆಯ ಹದದ್ದು ಕೆಳಗೆ, ಬಿಸಿಲಿನ ಹದದ್ದು ಮೇಲೆ. ಮೇಲಿನದಕ್ಕೆ ಒಂದು ಮುಸುಕು ಹಾಕಿ, ಬಾಗಿಲಾಚೆ ಎಷ್ಟು ಕಾಣಬೇಕೋ ಅಷ್ಟನ್ನು ಮಾತ್ರ ಕುಂಚದಿಂದ ತೆರೆಯುವುದು. ಕುಂಚ ತೀರಾ ಮೆದುವಾದರೆ ಜನರ ತಲೆಯ ಸುತ್ತ ದೇವರ ಪಟದ ಹಾಗೆ ಪ್ರಭೆ ಬರುತ್ತದೆ. ಬಿರುಸಾದರೆ ಕತ್ತರಿಸಿ ಅಂಟಿಸಿದ ಹಾಗೆ. ಅದನ್ನೂ ಹದಕ್ಕೆ ತಂದೆ. ಒಳಗಿನ ಬಲ್ಬಿನ ಹಳದಿ, ಹೊರಗಿನ ನೀಲಿ, ಎರಡನ್ನೂ ರಾಜಿ ಮಾಡಿಸಿದೆ.

ಸರಿಯಾಗದ್ದು ಒಂದು ಉಳಿದಿದೆ. ಅವ್ವ.

ಮೇಘನ ಒಳಗಿದ್ದಾಳೆ, ಅವಳಿಗೆ ತೊಂದರೆಯಿಲ್ಲ. ಅವ್ವ ಸರಿಯಾಗಿ ಬಾಗಿಲ ಸಂದಿನಲ್ಲಿ, ಕತ್ತಲೆ ಬೆಳಕು ಸೇರುವಲ್ಲೇ ಕೂತಿದ್ದಾಳೆ. ನೀನು ಕೊಬ್ಬರಿ ಇಟ್ಟು ಬರುವುದರೊಳಗೆ ಅವಳ ಮುಖ ತಿರುಗಿದೆ. ಎರಡನೇ ಫೋಟೊದಲ್ಲಿ ಅವಳು ಮೇಘನಳನ್ನು ನೋಡುತ್ತಿದ್ದಾಳೆ. ಮೊದಲನೆಯದರಲ್ಲಿ ರಸ್ತೆಯ ಕಡೆ. ಎರಡನ್ನೂ ಸೇರಿಸಿದರೆ ಒಂದೇ ಕತ್ತಿನ ಮೇಲೆ ಎರಡು ಮುಖ, ನಡುವೆ ಒಂದು ಅರೆ ಮೂಗು. ಕಂಪ್ಯೂಟರಿಗೆ ಅದು ಹೊಳೆಯುವುದಿಲ್ಲ. ನಾನೇ ಒಂದನ್ನು ಆರಿಸಬೇಕು, ಇನ್ನೊಂದನ್ನು ಅಳಿಸಬೇಕು.

ಮೊದಲನೆಯದರಲ್ಲಿ ಅವಳ ಮುಖದ ಮೇಲೆ ಬಿಸಿಲು ಬಿದ್ದಿದೆ. ಕತ್ತು ಮುಂದೆ ಚಾಚಿದ್ದಾಳೆ. ಕೈಯಲ್ಲಿ ಅಕ್ಕಿ ಇದೆ, ಕಣ್ಣು ರಸ್ತೆಯ ಕಡೆಗಿದೆ. ದೊಡ್ಡದು ಮಾಡಿ ನೋಡಿದೆ. ತುಂಬ ದೊಡ್ಡದು ಮಾಡಿದರೆ ಬರೀ ಚೌಕ ಚೌಕ ಚುಕ್ಕೆ. ಚಿಕ್ಕದು ಮಾಡಿದರೆ ಮತ್ತೆ ಅವ್ವ.

ಮಾವ, ಅವಳು ಯಾರನ್ನು ನೋಡುತ್ತಿದ್ದಳು?

ಸಂಘಮಿತ್ರಾ


ಸಂತೆಬಾಚಹಳ್ಳಿ
14-6-1999

ಚಿ. ಸಂಘಮಿತ್ರಾ,

ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ನಾಲ್ಕು ಕಡೆ ತಿರುಗಿದೆ. ನಾಗಮಂಗಲದಲ್ಲಿ ಒಂದು ನಾಮಕರಣ, ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯವರ ನಿವೃತ್ತಿ ಸಮಾರಂಭ. ಹಾರ ಹಾಕುವ ಹೊತ್ತಿಗೆ ಬಟನ್ ಒತ್ತುವುದನ್ನೇ ಮರೆತೆ. ಪಾಪ, ಆ ಇಂಜಿನಿಯರರಿಗೆ ಎರಡು ಸಲ ಹಾರ ಹಾಕಿಸಿದೆ.

ನಾನು ಆ ಹೊತ್ತಿನಲ್ಲಿ ಕ್ಯಾಮೆರಾದಲ್ಲಿ ಬೆಳಕಿನ ಹದ ನೋಡುತ್ತಿದ್ದೆ, ಅಕ್ಕನನ್ನಲ್ಲ. ಹಾಗಾಗಿ ಕಂಡೆ ಎಂದು ಹೇಳಲಾರೆ. ಆದರೆ ರಸ್ತೆಯ ಆ ತುದಿಯಲ್ಲಿ ಕೃಷ್ಣರಾಜಪೇಟೆ ಬಸ್ಸು ನಿಲ್ಲುತ್ತದೆ ಅನ್ನುವುದು ನಿನಗೂ ಗೊತ್ತು. ಮದುವೆಗೆ ಬರಬೇಕಾದವರೆಲ್ಲ ಅಷ್ಟು ಹೊತ್ತಿಗೆ ಬಂದಾಗಿತ್ತು. ಹಿರಿಯ ಮಗಳು ಹೊರಗಿದ್ದು ಕಿರಿಯಳಿಗೆ ಮಡಿಲು ತುಂಬುವ ತಾಯಿ ಬಸ್ಸು ನಿಲ್ಲುವ ಕಡೆ ಕತ್ತು ಚಾಚಿದರೆ ಯಾರಿಗಾಗಿ ಅಂತ ನಾನು ಬಿಡಿಸಿ ಹೇಳಬೇಕೆ?

ನನಗೆ ಹಾಗನ್ನಿಸುತ್ತದೆ. ಯಾವ ಮುಖ ಇಡಬೇಕು ಎನ್ನುವುದನ್ನು ನೀನೇ ತೀರ್ಮಾನ ಮಾಡು.

ಭಾವ ಚಲುವಯ್ಯನವರು, ನಿಮ್ಮಪ್ಪ, ಮೊನ್ನೆ ಸ್ಟುಡಿಯೋಗೆ ಬಂದು ಸುಮ್ಮನೆ ಕೂತಿದ್ದರು. ಹೋಗುವಾಗ "ಪಟ್ಣದಲ್ಲಿ ಮಳೆ ಆಯ್ತಂತಾ?" ಅಂದರು. ಪಟ್ಟಣದ ಮಳೆ ಅವರಿಗೆ ಯಾಕೆ ಬೇಕು? ಆಯ್ತಂತೆ ಭಾವ, ಚೆನ್ನಾಗೇ ಆಯ್ತಂತೆ ಅಂದೆ. ತಲೆಯಾಡಿಸಿ ಹೋದರು.

ಇಂತಿ,
ನಿನ್ನ ಮಾವ


ಶ್ರೀರಂಗಪಟ್ಟಣ
21-6-1999

ಮಾವ,

ರಸ್ತೆ ನೋಡುವ ಮುಖವನ್ನೇ ಇಟ್ಟೆ.

ನಿನ್ನ ಕಾಗದ ಬಂದ ಮೇಲೆ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಬೆಳಗ್ಗೆ ನದಿಯವರೆಗೆ ಹೋಗಿ ಸ್ನಾನಘಟ್ಟದ ಮೆಟ್ಟಿಲಲ್ಲಿ ಕೂರದೆ ವಾಪಸು ಬಂದೆ. ಬೀಗ ಹಾಕಿದೆನೋ ಇಲ್ಲವೋ ಎಂದು ದಾರಿಯಿಂದ ಹಿಂದಿರುಗಿದೆ. ಜಯಲಕ್ಷ್ಮಮ್ಮನವರು "ಏನಮ್ಮಾ, ಕಾಲಿಗೆ ಚಕ್ರ ಕಟ್ಕೊಂಡಿದೀಯಾ?" ಎಂದರು. ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು, ನಿಲ್ಲಿಸಲು ಬರಲಿಲ್ಲ.

ಆ ಮುಖ ಇಡುವುದು ಸುಲಭವಾಗಲಿಲ್ಲ. ತಲೆ ಮೊದಲನೇ ಫೋಟೊದ್ದು, ಭುಜ ಮತ್ತು ಕೈ ಎರಡನೆಯದರದ್ದು. ಕತ್ತಿನಲ್ಲಿ ಹೊಂದುವುದಿಲ್ಲ. ಸೆರಗನ್ನು ಮೊದಲನೆಯದರಿಂದ ತಂದು ಕತ್ತಿನ ಸಂದನ್ನು ಮುಚ್ಚಿದೆ. ತಾಳಿ ಸರ ಎರಡಾಯಿತು, ಒಂದನ್ನು ಅಳಿಸಿದೆ. ಮುಸವ್ವಿರ್ ಸಾಹೇಬರು ಕನ್ನಡಕ ಹಣೆಗೇರಿಸಿ ನೋಡಿ "ಈಗ ಅಮ್ಮ ಅಮ್ಮ ತರ ಕಾಣ್ತಾರೆ ನೋಡು" ಎಂದರು.

ನಂಜಪ್ಪನ ಕೈಯಲ್ಲಿ ಎರಡು ಪ್ರಿಂಟು ಕಳಿಸಿದ್ದೇನೆ. ದೊಡ್ಡದು ಸರಿಯಾದದ್ದು. ಚಿಕ್ಕದು ಎರಡು ಮುಖದ ಪರೀಕ್ಷೆ ಪ್ರಿಂಟು, ತೊಂದರೆ ಏನಿತ್ತೆಂದು ನಿನಗೆ ತಿಳಿಯಲಿ ಅಂತ. ಅದನ್ನು ಯಾರಿಗೂ ತೋರಿಸಬೇಡ.

ದೊಡ್ಡದನ್ನು ಅವ್ವನಿಗೆ ತೋರಿಸು. ಯಾರನ್ನು ನೋಡುತ್ತಿದ್ದೆ ಅಂತ ಕೇಳು. ನನ್ನ ಹೆಸರನ್ನು ನೀನು ಎತ್ತಬೇಡ, ಅವಳೇ ಎತ್ತಿದರೆ ಎತ್ತಲಿ. ಎತ್ತಿದರೆ ಆಷಾಢದ ಮೊದಲ ಭಾನುವಾರ ಬಂದುಬಿಡುತ್ತೇನೆ. ಮೇಘನಳೂ ಇರುತ್ತಾಳಲ್ಲ.

ಮೈಸೂರಿನ ಒಂದು ದೊಡ್ಡ ಲ್ಯಾಬಿನಿಂದ ಕೆಲಸಕ್ಕೆ ಕರೆ ಬಂದಿತ್ತು. ಸ್ವಲ್ಪ ದಿನ ತಡೆಯಿರಿ ಎಂದು ಹೇಳಿದ್ದೇನೆ.

ಬೇಗ ಬರೆ.

ನಿನ್ನ
ಸಂಘಮಿತ್ರಾ


ಸಂತೆಬಾಚಹಳ್ಳಿ
3-7-1999

ಚಿ. ಸಂಘಮಿತ್ರಾ,

ಬೇಗ ಬರೆ ಎಂದಿದ್ದೆ. ಮೂರು ಸಲ ಬರೆದು ಹರಿದೆ. ಬೇರೆ ಏನಾದರೂ ಕಟ್ಟಿ ಬರೆಯೋಣವೆಂದೂ ಕೂತೆ. ಎದುರಿಗೆ ನೀನು ಬಂದು ನಿಂತಾಗ ಏನು ಮಾಡಲಿ? ಇದ್ದದ್ದನ್ನೇ ಬರೆಯುತ್ತೇನೆ.

ಅಕ್ಕ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಭಾವ, ದೊಡ್ಡಮ್ಮ ಇಬ್ಬರೂ ಇದ್ದರು. ನಾನು ಲಕೋಟೆಯಿಂದ ದೊಡ್ಡ ಫೋಟೊ ಎಳೆದಾಗ ಚಿಕ್ಕದೂ ಜಾರಿ ಮೊರದೊಳಗೇ ಬಿತ್ತು. ಅಕ್ಕ ಎತ್ತಿಕೊಂಡಳು.

"ಇದ್ಯಾವಳ್ಲಾ ಇವ್ಳು, ಎಲ್ಡು ಮೊಕದೋಳು?"

"ನೀನೇ ಕಣಕ್ಕ."

"ನಾನಾ! ಯಾವ ಗಾಳಿ ಮೆಟ್ಕಂಡಿತ್ಲಾ ನಂಗೆ?"

ದೊಡ್ಡಮ್ಮ ಇಣುಕಿ ನೋಡಿ, "ಒಂದ್ ಮೊಕದಲ್ಲೇ ಊರ್ನೆಲ್ಲ ಬೈತಿದ್ದೆ, ಇನ್ ಮೇಲೆ ಆ ಕಡೆಯೋರ್ಗೂ ತಪ್ಪಾಕಿಲ್ಲ ಬುಡು" ಅಂದಳು. ಭಾವ ಕೂಡ ನಕ್ಕರು. ಎಲ್ಲ ಚೆನ್ನಾಗಿದೆ ಅನ್ನಿಸಿತು. ದೊಡ್ಡದನ್ನು ಕೊಟ್ಟೆ. ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಡಿದಳು. ತುಂಬ ಹೊತ್ತು ನೋಡಿದಳು. "ಚಂದಾಗೈತೆ. ಮೇಘನ ಚಂದಾಗವ್ಳೆ" ಅಂದಳು. ಇದೇ ಸಮಯ ಅಂದುಕೊಂಡೆ.

"ರಸ್ತೆ ಕಡೆ ನೋಡ್ತಾ ಕುಂತಿದ್ದೀಯಲ್ಲಕ್ಕ. ಯಾರ್ನ ನೋಡ್ತಿದ್ದೆ?"

"ಟ್ಯಾಂಕರ್ನ ಕಣ್ಲಾ! ಎರಡನೇ ಪಂಕ್ತಿ ಎಲೆ ಮುಂದೆ ಕುಂತದೆ, ಕುಡಿಯಾಕೆ ನೀರಿಲ್ಲ. ಆ ಬಡ್ಡೈದ ಬತ್ತೀನಿ ಅಂದೋನು ಬಂದೇ ಇರ್ಲಿಲ್ಲ. ನೀರಿಲ್ದೆ ಬೀಗರು ಎದ್ದೋದ್ರೆ ಮಾನ ಉಳೀತಿತ್ತಾ?"

"ಊ ಕಣಪ್ಪ," ಅಂದರು ಭಾವ. "ಟ್ಯಾಂಕರು ಬರ್ನೇ ಇಲ್ಲ ಆಗ."

ನನ್ನ ಮುಖ ಹೇಗಾಯಿತೋ. ಅಕ್ಕ ನನ್ನನ್ನೇ ನೋಡಿದಳು. "ಯಾಕ್ಲಾ, ಇನ್ಯಾರ್ನ ನೋಡ್ಬೇಕಿತ್ತು?" ಅಂದಳು. ಆಮೇಲೆ ನಿಧಾನವಾಗಿ, "ಯಾರ್ಲಾ ಮಾಡಿದ್ದು ಇದ?"

ಹೇಳಿದೆ. ಫೋಟೊವನ್ನು ಮೊರದ ಪಕ್ಕ ಇಟ್ಟು ಎದ್ದು ಹಿತ್ತಲಿಗೆ ಹೋದಳು. ಅವತ್ತಿನಿಂದ ನನ್ನ ಹತ್ತಿರ ಮಾತಿಲ್ಲ. ಫೋಟೊಗಳು ಎರಡೂ ಜಗಲಿಯ ಮೇಲಿಲ್ಲ, ಎಲ್ಲಿಟ್ಟಿದ್ದಾಳೋ.

ಬಸ್ಸು ನಿಲ್ಲುವ ಕಡೆ ಎಂದು ನಾನು ಬರೆಯಬಾರದಿತ್ತು.

ಇಂತಿ,
ಧರ್ಮೇಂದ್ರ


ಶ್ರೀರಂಗಪಟ್ಟಣ
8-7-1999

ಮಾವನಿಗೆ,

ನೀನು ಇದ್ದದ್ದನ್ನೇ ಬರೆದದ್ದು ಒಳ್ಳೆಯದಾಯಿತು. ಟ್ಯಾಂಕರಿನ ವಿಷಯ ಓದಿ ಮುಸವ್ವಿರ್ ಸಾಹೇಬರಿಗೂ ಹೇಳಿದೆ. ಅವರು ನಗಲಿಲ್ಲ. ನಾನೇ ನಕ್ಕೆ.

ಮತ್ತೆ ಕೂತು ಕೆಲಸ ಮಾಡಿದೆ. ಮೇಘನಳನ್ನು ನೋಡುವ ಮುಖ ಇಟ್ಟಿದ್ದೇನೆ. ಆ ತಲೆ, ಆ ಭುಜ, ಆ ಕೈ ಎಲ್ಲ ಒಂದೇ ಫೋಟೊದವು, ಹೊಂದಿಸುವ ತೊಂದರೆಯೇ ಇಲ್ಲ. ಕೆನ್ನೆಯ ಅಂಚಿನಲ್ಲಿ ಸ್ವಲ್ಪ ಬಿಳಿ ಉಳಿದಿತ್ತು, ಅದನ್ನೂ ತೆಗೆದೆ. ಮೊದಲೇ ಹೀಗೆ ಮಾಡಿದ್ದರೆ ಒಂದು ತಿಂಗಳ ಹಿಂದೆಯೇ ಮುಗಿಯುತ್ತಿತ್ತು. ಪ್ರಿಂಟು ಈ ಕಾಗದದ ಜೊತೆಗೆ ಇದೆ. ಆಲ್ಬಮ್ಮಿಗೆ ಇದನ್ನು ಅಂಟಿಸು. ಮಡಿಲು ತುಂಬುವಾಗ ತಾಯಿ ಮಗಳನ್ನು ನೋಡುವುದೇ ಸರಿ.

ಆಷಾಢಕ್ಕೆ ಬರುವುದಿಲ್ಲ. ಮೈಸೂರಿನ ಲ್ಯಾಬಿಗೆ ಆಗಸ್ಟ್ ಮೊದಲ ವಾರದಿಂದ ಬರುತ್ತೇನೆಂದು ತಿಳಿಸುತ್ತಿದ್ದೇನೆ. ಅಲ್ಲಿಯ ವಿಳಾಸ ಇನ್ನೂ ಗೊತ್ತಿಲ್ಲ.

ಅಪ್ಪ ಮಳೆಯ ಬಗ್ಗೆ ಕೇಳಿದರೆ, ಬಿಟ್ಟು ಬಿಟ್ಟು ಬರುತ್ತಿದೆ ಎಂದು ಹೇಳು.

ಸಂಘಮಿತ್ರಾ


ಸಂತೆಬಾಚಹಳ್ಳಿ
19-7-1999

ಅಕ್ಕನಿಗೆ ಮೇಘನ ಮಾಡುವ ನಮಸ್ಕಾರಗಳು.

ಆಷಾಢಕ್ಕೆ ಬಂದಿದ್ದೇನೆ. ಅವ್ವ ಹೇಳುತ್ತಾಳೆ, ನಾನು ಬರೆಯುತ್ತೇನೆ. ಹೇಳಿದ್ದನ್ನು ಹೇಳಿದ ಹಾಗೇ ಬರಿ, ನಿನ್ನ ಸ್ಕೂಲು ಕನ್ನಡ ಸೇರಿಸಬೇಡ ಎಂದಿದ್ದಾಳೆ. ಆದ್ದರಿಂದ ತಪ್ಪು ಹಿಡಿಯಬೇಡ. ಇಲ್ಲಿಂದ ಮುಂದೆ ಅವ್ವ.

ಸಂಗಮಿತ್ರ, ನಿಮ್ಮವ್ವ ಪಾರ್ವತಮ್ಮ ಏಳೋದು.

ನಿನ್ನ ಕಾಗ್ದ ಎಲ್ಲಾನೂ ನಿಮ್ಮಾವನ ಕೈಲಿ ಓದಿಸ್ಕಂಡೆ. ಕೊಡಾಕಿಲ್ಲ ಅಂದ. ಕೊಡ್ದೆ ಎಲ್ಲೋಯ್ತಾನೆ?

ಟ್ಯಾಂಕರ್ ನೋಡ್ತಿದ್ದೆ ಅಂದಿದ್ದು ದಿಟ. ನಿನ್ನ ನೋಡ್ತಿದ್ದೆ ಅಂತ ಏಳಕ್ಕ, ಮಗ ಬತ್ತದೆ ಅಂತ ನಿಮ್ಮಾವ ಬಾಯ್ ಬಡ್ಕಂಡ. ಅಂಗೆ ಸುಳ್ಳಾಡಿ ಕರೆಸ್ಕಂಡ್ರೆ ನೀನು ಬಂದು ನನ್ ಮೊಕ ನೋಡ್ದೇಟ್ಗೇ ಗೊತ್ತಾಯ್ತಿತ್ತು. ಚಿಕ್ಕಂದ್ನಿಂದ್ಲೂ ನಿಂಗೆ ನನ್ ಸುಳ್ಳು ಗೊತ್ತಾಯ್ತದೆ.

ಆವತ್ತು ನಿನ್ನ ನೆನೀಬಾರ್ದು ಅಂತ ಬೆಳಿಗ್ಗೆಯಿಂದ ಅಲ್ಲು ಕಚ್ಕಂಡಿದ್ದೆ ಕಣಮ್ಮಿ. ನೆನೆದಿದ್ರೆ ಅಕ್ಕಿ ಆಕೋ ಕೈ ಬತ್ತಿರ್ಲಿಲ್ಲ. ದೊಡ್ಡೋಳು ಇರೋವಾಗ ಚಿಕ್ಕೋಳ ಮಡ್ಲು ತುಂಬೋದು ಅಂದ್ರೇನು? ನೀರು, ಅನ್ನ, ಟ್ಯಾಂಕರು ಅಂತ ಒದ್ದಾಡ್ಕಂಡು ದಿನ ಕಳ್ದೆ. ಟ್ಯಾಂಕರ್ ಬರ್ಲಿಲ್ಲ ಅಂತ ನಂಗೆ ಒಂದ್ ಕಡೆ ನೆಮ್ದಿ ಆಗಿತ್ತು. ಬಯ್ಯಾಕೆ ಒಬ್ಬ ಸಿಕ್ಕಿದ್ನಲ್ಲ.

ಇನ್ನೊಂದು ಮಾತು. ನೀನು ನನ್ ತಮ್ಮನ್ನ ಬ್ಯಾಡ ಅಂದೆ ಅಂತ ಮೂರು ವರ್ಸ ಅವನ ಪರವಾಗಿ ನಾನು ಉರ್ದೆ. ಅವನ್ನ ಒಂದ್ ದಿನಾನೂ ಕೇಳಿರ್ಲಿಲ್ಲ. ಮೊನ್ನೆ ಕೇಳ್ದೆ. "ನಿಂಗೆ ಅವಮಾನ ಆಯ್ತೇನ್ಲಾ?" ಅಂದೆ. "ಇಲ್ಲ ಕಣಕ್ಕ" ಅಂದ. "ಇಷ್ಟ ಇತ್ತೇನ್ಲಾ?" ಅಂದೆ. "ಈಗ್ಯಾಕೆ ಅದು" ಅಂತ ಕ್ಯಾಮ್ರದ ಗಾಜು ಒರೆಸ್ಕತಾ ಕುಂತ. ಒರೆಸಿದ್ದೇ ಒರೆಸಿದ್ದು. ನಾನು ಆಮೇಲೆ ಕೇಳ್ಲಿಲ್ಲ. ನೀನೂ ಕೇಳ್ಬ್ಯಾಡ. ಬಂದಾಗ ಮಾವ ಅಂತ ಚೆನ್ನಾಗಿ ಮಾತಾಡ್ಸು, ಸಾಕು.

ಹೊಸಿಲು ತುಳೀಬಾರ್ದು ಅಂದಿದ್ದು ನಾನೇ. ಬಾಯಿ ನಂದು, ಬುಟ್ಟೋಳೂ ನಾನೇ, ವಾಪಸ್ ತಕ್ಕಳೋಳೂ ನಾನೇ.

(ಅಕ್ಕ, ಇಲ್ಲಿ ಅವ್ವ ಎದ್ದು ಹೋಗಿ ಒಲೆಗೆ ಸೌದೆ ತಳ್ಳಿ ಬಂದಳು. ಒಲೆಯ ಮೇಲೆ ಏನೂ ಇರಲಿಲ್ಲ. ಮೇಘನ)

ಫೋಟ ಮೂರೂ ನನ್ ಪೆಟ್ಟಿಗೇಲವೆ. ಎಲ್ಡು ಮೊಕದ್ದು ಯಾರ್ಗೂ ಕೊಡಾಕಿಲ್ಲ, ದೊಡ್ಡವ್ವನ್ನ ಎದ್ರಿಸಾಕೆ ಬೇಕು. ಆಲ್ಬಮ್‌ಗೆ ಟ್ಯಾಂಕರ್ ಮೊಕದ್ದೇ ಅಂಟ್ಸು ಅಂದಿವ್ನಿ. ಅದ್ರಲ್ಲೇ ನಂಗೆ ವಯಸ್ಸು ಕಮ್ಮಿ ಕಾಣ್ತದೆ.

ನಿನ್ನೂ ಕಂಪೂಟರ್‌ನಾಗೆ ಆ ಫೋಟದೊಳಿಕ್ಕೆ ನಿಲ್ಲಿಸ್ಬೋದಂತೆ. ನಿಮ್ಮಾವ ಏಳ್ದ. ಮೇಘನನ ಪಕ್ಕಕ್ಕೆ ಕುಂಡ್ರುಸ್ತಾರಂತೆ, ನೋಡ್ದೋರ್ಗೆ ಒಂದಿಷ್ಟೂ ಗೊತ್ತಾಗಾಕಿಲ್ವಂತೆ. ಅಂಗ್ ಮಾಡ್ಬ್ಯಾಡ. ನಂಗೆ ಗೊತ್ತಾಯ್ತದೆ. ಬರೋದಾದ್ರೆ ನೀನೇ ಬಾ.

ಮೈಸೂರ್‌ಗೆ ಓಗ್ಬೇಕು ಅಂದ್ರೆ ಓಗು, ಬ್ಯಾಡ ಅನ್ನಾಕಿಲ್ಲ. ಇತ್ಲಾಗ್ ಬಂದು ಆಮೇಲ್ ಓಗು. ಮದ್ವೆ ಮಾತು ಯಾರೂ ಎತ್ತಾಕಿಲ್ಲ. ಎತ್ತುದ್ರೆ ನಾನವ್ನಿ.

ನಿನ್ನ ನೋಡ್ಕಂಡು ರಸ್ತೇಲೇನೂ ಕುಂತಿರಾಕಿಲ್ಲ, ಕೆಲ್ಸ ಬೇಕಾದಷ್ಟವೆ. ಒಳಗೇ ಇರ್ತೀನಿ. ನೀನು ಸೀದಾ ಒಳಿಕ್ ಬಾ. ಬಾಗ್ಲಾಗೆ ನಿಂತ್ಕಂಡು ಬರ್ಲಾ ಬ್ಯಾಡ್ವಾ ಅಂತ ಯೋಚ್ನೆ ಮಾಡ್ಬ್ಯಾಡ, ಬೆಳಕಿಗೆ ಅಡ್ಡ ಆಯ್ತದೆ, ಅಕ್ಕಿ ಆರ್ಸಾಕೆ ಕಾಣಾಕಿಲ್ಲ.

ಇಂತಿ ನಿಮ್ಮವ್ವ,
ಪಾರ್ವತಮ್ಮ